ಕರಿಯ ಸೈಕಲ್ಲೂ ಗೋವೆಯ ಕಡಲೂ

ಅರವತ್ತು ತುಂಬಿದ ಗೃಹಸ್ಥನಿಗೆ ಷಷ್ಟ್ಯಬ್ದಿಯ ಶಾಂತಿಯನ್ನು ಮಾಡಿಸುವುದು ನಮ್ಮಲ್ಲಿ ವಾಡಿಕೆ. 2024ನೆಯ ಇಸವಿಯಲ್ಲಿ ನಮಗೂ ಅರವತ್ತು ತುಂಬಿತು. ಶಾಲೆಯ ಸೇವೆಯಿಂದ ಬಿಡುಗಡೆಯಾಯಿತು. ಮಕ್ಕಳೆಲ್ಲ ಕೂಡಿ ಶಾಂತಿಯನ್ನು ಸಾಂಗವಾಗಿ ನೆರವೇರಿಸಿದರು. ಕಲಶದ ನೀರನ್ನು ತಲೆಯ ಮೇಲೆ ಸುರಿಸಿಕೊಂಡು, ಇನ್ನು ಮೇಲೆ ಶಾಂತರಾಗಿರುತ್ತೇವೆಂದು ಬಂಧುಗಳ ಮುಂದೆ ಒಪ್ಪಿಕೊಂಡೂ ಆಯಿತು. ಆದರೆ ಅದೇ ವರ್ಷದ ಅಕ್ಟೋಬರ್ 27ನೆಯ ತಾರೀಖು, ಆದಿತ್ಯವಾರ, ಗೋವೆಯ ಮಿರಾಮಾರ್ ಎಂಬ ಕಡಲ ದಂಡೆಯಲ್ಲಿ ನಾವು ಅರೆಚಡ್ಡಿಯನ್ನು ತೊಟ್ಟು, ತಲೆಗೊಂದು ರಬ್ಬರಿನ ಟೋಪಿಯನ್ನು ಬಿಗಿದುಕೊಂಡು, ನಮ್ಮ ಮೊಮ್ಮಕ್ಕಳ ವಯಸ್ಸಿಗಿಂತ ಸ್ವಲ್ಪವೇ ಹೆಚ್ಚು ವಯಸ್ಸಾದವರ ನಡುವೆ ಎರಡನೆಯ ಅಭಿಷೇಕಕ್ಕಾಗಿ ನಿಂತಿದ್ದೆವು. ಇದು ಹೇಗಾಯಿತೆಂಬುದನ್ನು ವಾಚಕರಿಗೆ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಟ್ರಾಯಥ್ಲಾನ್ ಎಂಬ ಸ್ಪರ್ಧೆಯ ಹೆಸರನ್ನು ಎಲ್ಲರೂ ಕೇಳಿರಲಾರರು. ಮೊದಲು ಈಜು, ಈಜಿನಿಂದ ಎದ್ದು ಒದ್ದೆ ಮೈಯಲ್ಲೇ ಸೈಕಲ್ಲು, ಸೈಕಲ್ಲಿನಿಂದ ಇಳಿದು ಓಟ, ನಡುವೆ ವಿಶ್ರಾಂತಿಯಿಲ್ಲ. ಗ್ರೀಕರ ಭಾಷೆಯಲ್ಲಿ 'ಟ್ರಿ' ಎಂದರೆ ನಮ್ಮ ಸಂಸ್ಕೃತದ 'ತ್ರಿ'ಯೇ. 'ಅಥ್ಲಾನ್' ಎಂದರೆ ಪಣಕ್ಕಿಟ್ಟ ಬಹುಮಾನ. ಸೋದರ ಭಾಷೆಯ ಮಾತೆಂದು ತಿಳಿದ ಮೇಲೆ ನಮಗೆ ಆ ಆಟದಲ್ಲಿ ಸ್ವಲ್ಪ ಸಲಿಗೆ ಹುಟ್ಟಿತೆಂದು ಹೇಳಿದರೆ ಸುಳ್ಳಾಗದು. ಗೋವೆಯಲ್ಲಿ 2019ರಲ್ಲಿ ಮೊದಲು ನಡೆದ ಐರನ್‌ಮ್ಯಾನ್ 70.3 ಎಂಬ ಸ್ಪರ್ಧೆಯಲ್ಲಿ ಕಡಲಿನೊಳಗೆ 1.9 ಕಿಲೋಮೀಟರು ಈಜಬೇಕು, 90 ಕಿಲೋಮೀಟರು ಸೈಕಲ್ಲನ್ನು ತುಳಿಯಬೇಕು, 21.1 ಕಿಲೋಮೀಟರು ಓಡಬೇಕು. ಎಲ್ಲವನ್ನೂ ಮೈಲಿಗಳಲ್ಲಿ ಕೂಡಿದರೆ 70.3 ಆಗುವುದರಿಂದ ಆ ಹೆಸರು. ಇದು ಅರ್ಧವಂತೆ! ಪೂರ್ಣವಾದುದು ಇದರ ಇಮ್ಮಡಿ.

ನಮಗೆ ಇದರ ಸುಳಿವನ್ನು ಕೊಟ್ಟವನು ನಮ್ಮ ಹಳೆಯ ಶಿಷ್ಯನೊಬ್ಬ. ಈಗ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರು. ಎಂಟು ಕಿಲೋ ತೂಗುವ, ನಮ್ಮ ಮನೆಯ ಮಾಳಿಗೆಗೆ ತಗುಲಿದ ವೆಚ್ಚಕ್ಕಿಂತ ಹೆಚ್ಚು ಬೆಲೆಬಾಳುವ ಸೈಕಲ್ಲನ್ನು ಇಟ್ಟುಕೊಂಡಿದ್ದಾನೆ. ಶಾಂತಿಯ ದಿನ ಧಾರವಾಡಕ್ಕೆ ಬಂದಿದ್ದವನು, ಅಂಗಳದ ಗೋಡೆಗೆ ಒರಗಿಸಿದ್ದ ನಮ್ಮ ಕರಿಯ ಸೈಕಲ್ಲನ್ನು ನೋಡಿ, "ಸರ್, ಇದು ಇನ್ನೂ ನಡೀತದೇನ್ರಿ?" ಎಂದು ಕೇಳಿದನು. 1988ರಲ್ಲಿ ನೌಕರಿಗೆ ಸೇರಿದ ವರ್ಷ ಕೊಂಡ ಸೈಕಲ್ಲು ಅದು. ಮೂವತ್ತಾರು ವರ್ಷ ನಮ್ಮನ್ನೂ ನಮ್ಮ ಪುಸ್ತಕದ ಗಂಟನ್ನೂ ಶಾಲೆಗೆ ಹೊತ್ತಿದೆ. ನಡೆಯುವುದೇನು, ನಿನ್ನ ಜೊತೆಗೆ ಎಲ್ಲಿಗೆ ಬೇಕಾದರೂ ಬಂದೀತು ಎಂದೆವು. ಆ ಮಾತು ಹೋಳಿಗೆಯ ಊಟದ ಮೇಲಿನ ಮಾತು. ಅವನು ಅದನ್ನು ಗಟ್ಟಿಯಾಗಿ ಹಿಡಿದುಬಿಟ್ಟನು. "ಹಂಗಾದ್ರ ಬರ್ರಿ ಸರ್, ಬರೇ ಮಜಾಕ್ಕ. ಫೀ ನಾ ತುಂಬ್ತೀನಿ, ಗುರುದಕ್ಷಿಣೆ ಅಂತ ತಿಳ್ಕೊರಿ" ಎಂದನು.

ಇವನ ಈ ಆಗ್ರಹಕ್ಕೆ ಒಂದು ಹಿಂದಿನ ಲೆಕ್ಕವೂ ಇದ್ದಿತು. ಎಂಟನೆಯ ಇಯತ್ತೆಯಲ್ಲಿದ್ದಾಗ ಕಡ್ಡಿಯಂತಿದ್ದ ಈ ಹುಡುಗನ ಹೆಸರನ್ನು, ಕ್ರೀಡಾದಿನದ ಓಟದ ಪಟ್ಟಿಯಿಂದ ನಾವೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೆವು. ದಮ್ಮಿನ ಹುಡುಗ, ಬಿದ್ದಾನು ಎಂಬ ಭಯ ನಮಗೆ. ಅವನು ಮೈದಾನದ ಬೇಲಿಯ ಹತ್ತಿರ ನಿಂತು ಉಳಿದವರು ಓಡುವುದನ್ನು ನೋಡಿದನಂತೆ. ಇದನ್ನು ಅವನು ನಗುತ್ತಲೇ ಹೇಳಿದನು. ನಾವು ಮಾತ್ರ ಮರೆತೇ ಬಿಟ್ಟಿದ್ದೆವು. ಮೂವತ್ತಾರು ವರ್ಷಗಳಲ್ಲಿ ಕೆಂಪು ಶಾಯಿಯಿಂದ ಮತ್ತೆ ಯಾರು ಯಾರ ಹೆಸರನ್ನು ಹೊಡೆದಿದ್ದೇವೋ! ಹೀಗಾಗಿ ಒಲ್ಲೆನೆನ್ನುವುದು ಕಷ್ಟವಾಯಿತು.

ನಮ್ಮ ಮನೆಯಾಕೆಯನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. "ಅರವತ್ತಕ್ಕೆ ಅರಳುಮರಳು ಎಂಬುದು ಸುಳ್ಳಲ್ಲ" ಎಂದರು. ಮಡೋನಾ ಬ್ಯೂಡರ್ ಎಂಬ ಅಮೆರಿಕದ ಸನ್ಯಾಸಿನಿಯೊಬ್ಬರು 2012ರಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಕೆನಡಾದಲ್ಲಿ ಇದರ ಇಮ್ಮಡಿಯಾದ ಪೂರ್ಣ ಸ್ಪರ್ಧೆಯನ್ನು ಮುಗಿಸಿದ ಸಂಗತಿಯನ್ನು ನಾವು ಮುಂದಿಟ್ಟೆವು. "ಸನ್ಯಾಸಿನಿಗೆ ಮನೆಯಲ್ಲಿ ಕಾಯುವವರಿಲ್ಲ" ಎಂಬ ಉತ್ತರ ಬಂದಿತು. ತರ್ಕಶಾಸ್ತ್ರವನ್ನು ಓದಿದವರು ನಾವಾದರೂ ಇದಕ್ಕೆ ಪ್ರತ್ಯುತ್ತರ ತೋಚಲಿಲ್ಲ. ಕೊನೆಗೆ ಅವರೂ ಜೊತೆಗೆ ಬರತಕ್ಕದ್ದೆಂದೂ, ಮೊಣಕಾಲು ನೊಂದರೆ ನಾಚಿಕೆಪಡದೆ ಬಿಟ್ಟು ಬರತಕ್ಕದ್ದೆಂದೂ ಒಪ್ಪಂದವಾಯಿತು.

ಈಜು ನಮಗೆ ಹೊಸದಲ್ಲ. ಹುಟ್ಟಿದ ಊರು ಉತ್ತರ ಕನ್ನಡದ ಗಂಗಾವಳಿಯ ದಂಡೆಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ಸೋದರಮಾವ ಹೊಳೆಗೆ ನೂಕಿದಾಗ ಕಲಿತ ವಿದ್ಯೆ. ಆರು ತಿಂಗಳು ಈಜುಕೊಳದಲ್ಲಿ ಅಭ್ಯಾಸ ಮಾಡಿದೆವು. ನಸುಕಿನಲ್ಲಿ ಎದ್ದು ಕಿತ್ತೂರಿನವರೆಗೆ ಸೈಕಲ್ಲಿನಲ್ಲಿ ಹೋಗಿಬಂದೆವು. ಓಟವೆಂಬುದನ್ನು ಓಟವೆಂದು ಕರೆಯುವ ಧೈರ್ಯವಿಲ್ಲ, ಬಿರುಸಾದ ನಡಿಗೆಯೆನ್ನಬಹುದು. ಸೈಕಲ್ಲನ್ನು ರೇಷನ್ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ, ಕ್ಯಾರಿಯರು, ಸ್ಟ್ಯಾಂಡು, ಗಂಟೆ ಸಹಿತ 21 ಕಿಲೋ ಆಯಿತು. ಇವುಗಳಲ್ಲಿ ಯಾವುದನ್ನೂ ಬಿಚ್ಚುವುದಿಲ್ಲವೆಂದು ನಾವು ನಿಶ್ಚಯಿಸಿದೆವು. ವಿನೋದಕ್ಕೆ ಹೋಗುವವರು ಅರ್ಧ ವೇಷದಲ್ಲಿ ಹೋಗಬಾರದು.

ಧಾರವಾಡದಿಂದ ಗೋವೆಗೆ ರೈಲಿನಲ್ಲಿ ಹೋಗುವ ಸುಖವನ್ನು ಬಲ್ಲವರೇ ಬಲ್ಲರು. ಗೋಣಿಯಲ್ಲಿ ಸುತ್ತಿದ ಸೈಕಲ್ಲು ಬ್ರೇಕ್ ವ್ಯಾನಿನಲ್ಲಿ; ನಾವಿಬ್ಬರೂ ಕಿಟಕಿಯ ಬದಿಯಲ್ಲಿ. ಲೋಂಡಾ ದಾಟಿ ಕ್ಯಾಸಲ್‌ರಾಕ್ ಬಂದ ಮೇಲೆ ಕುಳೆಯವರೆಗಿನ 26 ಕಿಲೋಮೀಟರಿನ ಘಟ್ಟದಲ್ಲಿ ಹಳಿಯು ಮೂವತ್ತೇಳು ಅಡಿಗೆ ಒಂದಡಿಯಂತೆ ಇಳಿಯುತ್ತದೆ. ಸುರಂಗದ ಕತ್ತಲೆ, ಮರುಕ್ಷಣವೇ ಹಸುರು, ಮತ್ತೆ ಕತ್ತಲೆ. ಮಳೆಗಾಲ ಆಗತಾನೆ ಹಿಂದೆಗೆದಿದ್ದುದರಿಂದ ದೂಧಸಾಗರವು ತುಂಬು ಮೈಯಿಂದ ಧುಮ್ಮಿಕ್ಕುತ್ತಿದ್ದಿತು. ಗಾಡಿಯಲ್ಲಿದ್ದ ಮಕ್ಕಳೆಲ್ಲ ಒಂದೇ ಬದಿಗೆ ನುಗ್ಗಿದರು. ಹಿರಿಯರೂ ಮಕ್ಕಳ ನೆಪದಿಂದ ನುಗ್ಗಿದರು. ಈ ನೀರೆಲ್ಲ ಮಾಂಡೋವಿಯನ್ನು ಸೇರುತ್ತದೆ. ಮಾಂಡೋವಿಯೆಂದರೆ ಬೇರೆಯಲ್ಲ, ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯೇ. ಅದರ ನೀರಿಗಾಗಿ ನಮ್ಮವರಿಗೂ ಗೋವೆಯವರಿಗೂ ವ್ಯಾಜ್ಯ ನಡೆದಿರುವುದು ವಾಚಕರಿಗೆ ತಿಳಿದೇ ಇದೆ. ಹೊಳೆಗೆ ಅದರ ಗೊಡವೆಯಿಲ್ಲ. ಅದು ತನ್ನ ಪಾಡಿಗೆ ಪಣಜಿಯನ್ನು ಬಳಸಿ ಮಿರಾಮಾರದ ಹತ್ತಿರ ಕಡಲನ್ನು ಸೇರುತ್ತದೆ. ಅಲ್ಲಿಯೇ ನಾವು ಈಜಬೇಕಾಗಿದ್ದುದು.

ಮಡಗಾಂವಿನಲ್ಲಿ ಇಳಿದು, ಗಂಟುಮೂಟೆಯೊಡನೆ ಮನೆಯಾಕೆಯನ್ನು ಪಣಜಿಯ ಬಸ್ಸಿಗೆ ಹತ್ತಿಸಿದೆವು. ಬಸ್ಸಿನ ಮೈಮೇಲೆ 'ಕದಂಬ' ಎಂದು ಬರೆದಿದೆ! ಗೋವೆಯ ಸರಕಾರಿ ಸಾರಿಗೆ ಸಂಸ್ಥೆಗೆ ಆ ಹೆಸರು. ಬನವಾಸಿಯ ಕದಂಬರ ಹೆಸರನ್ನು ಹೊತ್ತ ಅರಸರು ಗೋವೆಯನ್ನು ಆಳಿದ್ದರ ನೆನಪು ಅದು. ಬನವಾಸಿಯ ಪಾಠವನ್ನು ವರ್ಷಕ್ಕೊಮ್ಮೆಯಂತೆ ಹೇಳಿದ ನಮಗೆ, ಮನೆಯಾಕೆಯನ್ನು ಹಳೆಯ ಪರಿಚಯಸ್ಥರ ಕೈಗೆ ಒಪ್ಪಿಸಿದಷ್ಟು ನೆಮ್ಮದಿಯಾಯಿತು. ನಾವು ಸೈಕಲ್ಲನ್ನೇರಿ ಜುವಾರಿ ಹೊಳೆಯನ್ನು ದಾಟಿ ಹಿಂದಿನಿಂದ ಬಂದೆವು.

ಮಿರಾಮಾರ್ ಎಂಬುದು ಪೋರ್ತುಗೀಜರ ಮಾತು. ಕಡಲನ್ನು ನೋಡುವ ಎಡೆ ಎಂದು ತಾತ್ಪರ್ಯ. ಗಾಳಿಮರಗಳ ಸಾಲು, ಅದರಾಚೆ ಅಗಲವಾದ ಮರಳು, ಎದುರು ದಂಡೆಯಲ್ಲಿ 1612ರಲ್ಲಿ ಕಟ್ಟಿದ ಅಗ್ವಾದ ಕೋಟೆ. ಹೊಳೆಯ ಕೆಂಪುನೀರೂ ಕಡಲಿನ ಹಸುರುನೀರೂ ಕೂಡುವಲ್ಲಿ ಒಂದು ಮಬ್ಬು ಗೆರೆ ಕಾಣಿಸುತ್ತದೆ. ಪಣಜಿಯ ಹೊಳೆದಂಡೆಯ ಹಳೆಯ ಸಚಿವಾಲಯವು ಒಂದು ಕಾಲಕ್ಕೆ ವಿಜಾಪುರದ ಆದಿಲಶಾಹನ ಅರಮನೆ. ಅದರ ಬದಿಯಲ್ಲಿ, ಹೆಂಗಸೊಬ್ಬಳ ಮೇಲೆ ಕೈಗಳನ್ನು ಚಾಚಿ ನಿಂತ ಅಬ್ಬೆ ಫಾರಿಯ ಎಂಬ ಪಾದ್ರಿಯ ಕಪ್ಪು ಪ್ರತಿಮೆ. ಮೋಹಿನೀವಿದ್ಯೆಯಲ್ಲಿ ಯುರೋಪಿನಲ್ಲೆಲ್ಲ ಹೆಸರಾಗಿದ್ದವನು ಅವನು. "ನಿಮ್ಮ ಶಿಷ್ಯನೂ ನಿಮಗೆ ಹೀಗೆಯೇ ಮಾಡಿರಬೇಕು" ಎಂದು ಮನೆಯಾಕೆ ಅದನ್ನು ಬಹಳ ಹೊತ್ತು ನೋಡಿದರು.

ಹಿಂದಿನ ದಿನವೇ ಸೈಕಲ್ಲನ್ನು ಒಪ್ಪಿಸಬೇಕೆಂಬ ನಿಯಮವಿದೆ. ಪರೀಕ್ಷಕನಾದ ತರುಣನು ನಮ್ಮ ಕಂಬಿಯ ಬ್ರೇಕುಗಳನ್ನು ಹಿಡಿದು ನೋಡಿದನು, ಹೆಲ್ಮೆಟ್ಟನ್ನು ಅಲುಗಿಸಿ ನೋಡಿದನು, ಗಂಟೆಯನ್ನು ಒಮ್ಮೆ ಬಾರಿಸಿ ನೋಡಿದನು. ಅದು ನಿಯಮಕ್ಕಾಗಿ ಅಲ್ಲ, ಆಸೆಗಾಗಿ ಎಂದು ಅವನ ಮುಖವೇ ಹೇಳುತ್ತಿದ್ದಿತು. ಸೈಕಲ್ಲಿಗೆ ಇಷ್ಟೇ ಭಾರವಿರಬೇಕೆಂಬ ಕಟ್ಟಳೆ ಇಲ್ಲವಾದ್ದರಿಂದ ನಾವು ಪಾರಾದೆವು. ಒಳಗೆ ನೂರಾರು ತೆಳು ಸೈಕಲ್ಲುಗಳು ಅಡ್ಡಗಂಬಗಳಿಗೆ ಬಾವಲಿಗಳಂತೆ ಜೋತುಬಿದ್ದಿದ್ದವು. ನಮ್ಮದೊಂದೇ ತನ್ನ ಸ್ವಂತ ಸ್ಟ್ಯಾಂಡಿನ ಮೇಲೆ ನೆಲದಲ್ಲಿ ನಿಂತಿದ್ದಿತು. ಸೋರೆಬುರುಡೆಯ ವಿಷಯದಲ್ಲಿ ಮಾತ್ರ ನಮ್ಮ ಮಾತು ನಡೆಯಲಿಲ್ಲ. ತೇಲುವ ಆಸರೆಯೊಂದನ್ನೂ ಕಟ್ಟಿಕೊಳ್ಳಕೂಡದಂತೆ. ಊರಿನಿಂದ ತಂದಿದ್ದ ಆ ಬುರುಡೆಯನ್ನು ಮನೆಯಾಕೆಯ ಕೈಗೆ ಕೊಟ್ಟೆವು.

ಆ ಸಂಜೆ ಮರಳಿನಲ್ಲಿ ಕುಳಿತು ಶಿಷ್ಯನು ಈ ಸ್ಪರ್ಧೆ ಹುಟ್ಟಿದ ಕಥೆಯನ್ನು ಹೇಳಿದನು. ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಓಹಾಹು ಎಂಬುದೊಂದು. ಅಲ್ಲಿ ಅಮೆರಿಕದ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಎಂಬವನೂ ಅವನ ಹೆಂಡತಿ ಜೂಡಿಯೂ ಇದ್ದರು. ಈಜುವವರು ಗಟ್ಟಿಗರೋ ಓಡುವವರು ಗಟ್ಟಿಗರೋ ಸೈಕಲ್ಲಿನವರು ಗಟ್ಟಿಗರೋ ಎಂಬ ಹರಟೆ ಒಂದು ಔತಣದಲ್ಲಿ ಎದ್ದಿತು. ನಮ್ಮಲ್ಲಾದರೆ ಇಂಥ ಹರಟೆ ಎಲೆಯಡಿಕೆಯೊಡನೆ ಮುಗಿಯುತ್ತಿದ್ದಿತು. ಕಾಲಿನ್ಸನು ಹಾಗೆ ಬಿಡಲಿಲ್ಲ. ಆ ದ್ವೀಪದಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ವೈಕೀಕಿಯ ಈಜು, ದ್ವೀಪವನ್ನು ಸುತ್ತುವ ಸೈಕಲ್ಲಿನ ದಾರಿ, ಹೊನೊಲುಲುವಿನ ಮ್ಯಾರಥಾನ್, ಈ ಮೂರನ್ನೂ ಒಂದೇ ದಿನಕ್ಕೆ ಹೊಲಿದುಬಿಟ್ಟನು. 1978ರ ಫೆಬ್ರುವರಿ 18ರಂದು ಹದಿನೈದು ಜನ ಹೊರಟರು. ಹನ್ನೆರಡು ಜನ ಮುಟ್ಟಿದರು. ಗಾರ್ಡನ್ ಹಾಲರ್ ಎಂಬವನು 11 ಗಂಟೆ 46 ನಿಮಿಷ 58 ಸೆಕೆಂಡುಗಳಲ್ಲಿ ಮೊದಲಿಗನಾದನು. ಎರಡನೆಯವನಾದ ಜಾನ್ ಡನ್‌ಬಾರ್ ತೊಟ್ಟಿದ್ದುದು ಸೂಪರ್‌ಮ್ಯಾನಿನ ವೇಷ! ಅವನ ಜೊತೆಯವರ ಬಳಿ ನೀರು ತೀರಿಹೋಗಿ, ಕೊನೆಗೆ ಬೀರನ್ನು ಕುಡಿಸಿದರಂತೆ. ಕಾಲಿನ್ಸನೋ, ಸೈಕಲ್ಲಿನ ದಾರಿಯಲ್ಲಿ ನಡುವೆ ಇಳಿದು ಖಾರದ ಹುರುಳಿಕಾಯಿ-ಮಾಂಸದ ಸಾರೊಂದು ಬಟ್ಟಲನ್ನು ಉಂಡು, ಹದಿನೇಳು ಗಂಟೆಗಳಲ್ಲಿ ಮುಗಿಸಿದನು.

ನಾವು ಇದನ್ನು ಕೇಳಿ ಬಹಳ ಹಿಗ್ಗಿದೆವು. ಮೂಲಪುರುಷರೇ ವೇಷ ಹಾಕಿಕೊಂಡು, ಊಟಕ್ಕೆ ಕುಳಿತು ಓಡಿದ್ದರೆಂದ ಮೇಲೆ, ಗಂಟೆಯೂ ಕ್ಯಾರಿಯರೂ ಇರುವ ನಮ್ಮದೇ ಶುದ್ಧ ಸಂಪ್ರದಾಯ. ಎಂಟು ಕಿಲೋದವರದೇ ಆಮೇಲಿನ ಪ್ರಕ್ಷೇಪ ಎಂದು ವಾದಿಸಿದೆವು. ಶಿಷ್ಯನು ನಕ್ಕನು. ಆದರೆ ಕತ್ತಲಾಗುತ್ತ ಬಂದ ಮೇಲೆ ಇನ್ನೊಂದನ್ನು ಹೇಳಿದನು. 1982ರ ಫೆಬ್ರುವರಿಯ ಸ್ಪರ್ಧೆಯಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ, ತನ್ನ ಕಾಲೇಜಿನ ಪ್ರಬಂಧಕ್ಕೆ ವಿಷಯವಾದೀತೆಂದು ಬಂದವಳು, ಹೆಂಗಸರಲ್ಲಿ ಮುಂದಾಗಿಬಿಟ್ಟಳು. ಗೆರೆಯ ಹತ್ತಿರ ಕಾಲುಗಳು ಸೋತು ಬಿದ್ದಳು, ಎದ್ದಳು, ಬಿದ್ದಳು. ಕೆಲವೇ ಗಜಗಳು ಉಳಿದಿರುವಾಗ ಹಿಂದಿನವಳು ಅವಳನ್ನು ದಾಟಿ ಗೆದ್ದಳು. ಇವಳು ಅಂಬೆಗಾಲಿಕ್ಕುತ್ತ, 29 ಸೆಕೆಂಡುಗಳ ತರುವಾಯ ಗೆರೆಯನ್ನು ಮುಟ್ಟಿದಳು. "ಆಕೀನೂ ಮೊದಲು ಸುಮ್ಮನ ಬಂದಾಕೀನ ರೀ ಸರ್" ಎಂದು ಶಿಷ್ಯನು ಸುಮ್ಮನಾದನು. ನಾವೂ ಸುಮ್ಮನೆ ಅಗ್ವಾದದ ಕಡೆಯ ದೀಪಗಳನ್ನು ನೋಡಿದೆವು.

ಬೆಳಗಿನ ಈಜನ್ನು ಹೆಚ್ಚಾಗಿ ವರ್ಣಿಸಲಾರೆವು, ಕಂಡದ್ದೇ ಕಡಿಮೆ. ನೀರು ಉಗುರುಬೆಚ್ಚಗಿದ್ದಿತು, ಮಣ್ಣಿನ ಬಣ್ಣದ್ದಾಗಿತ್ತು, ಬಾಯಿಗೆ ಬಂದಾಗ ಉಪ್ಪು. ತರುಣರು ನೀರನ್ನು ಸೀಳಿಕೊಂಡು ಹೋದರು. ಒಬ್ಬನ ಹಿಮ್ಮಡಿ ನಮ್ಮ ಮೂಗಿಗೆ ತಗುಲಿತು. ಗಂಗಾವಳಿಯ ಹಳೆಯ ಪದ್ಧತಿಯಂತೆ ತಲೆಯನ್ನು ಮೇಲಿಟ್ಟು, ಕಪ್ಪೆಯ ಹಾಗೆ ಕಾಲಾಡಿಸುತ್ತ, ಬಣ್ಣದ ಬುಗ್ಗೆಗಳನ್ನು ಒಂದೊಂದಾಗಿ ಬಳಸಿ ಬಂದೆವು. ಈಜಿಗೆ ಒಂದು ಗಂಟೆ ಹತ್ತು ನಿಮಿಷದ ಅವಧಿ. ನಾವು ಒಂದು ಗಂಟೆ ಎರಡು ನಿಮಿಷಕ್ಕೆ ದಡ ಮುಟ್ಟಿದೆವು. ಮನೆಯಾಕೆ ಬುರುಡೆಯನ್ನು ಎತ್ತಿ ಹಿಡಿದು ಆಡಿಸುತ್ತಿದ್ದರು. ದೂರದಿಂದ ನೋಡಿದವರು ಅದನ್ನು ಯಾವ ರಾಜ್ಯದ ಧ್ವಜವೆಂದು ತಿಳಿದರೋ!

ನೀರಿನಿಂದೆದ್ದ ಕ್ಷಣದಿಂದ ಒಂದು ಲೆಕ್ಕ ನಮ್ಮ ತಲೆಯೊಳಗೆ ತಿರುಗತೊಡಗಿತು. ಹೊರಟಾಗಿನಿಂದ ಐದೂವರೆ ಗಂಟೆಯೊಳಗೆ ಸೈಕಲ್ಲಿನ ಭಾಗ ಮುಗಿಯಬೇಕು. ಎಂಟೂವರೆ ಗಂಟೆಯೊಳಗೆ ಎಲ್ಲವೂ. ಬಟ್ಟೆ ಬದಲಿಸಿ, ಕ್ಯಾನ್ವಾಸ್ ಜೋಡು ಕಟ್ಟಿ, ಕಿಸೆಗೆ ಶೇಂಗಾ ಉಂಡಿಯನ್ನು ತುಂಬಿ ಹೊರಡುವುದರಲ್ಲಿ ಒಂಬತ್ತು ನಿಮಿಷ ಹೋಯಿತು. ಉಳಿದದ್ದು ನಾಲ್ಕು ಗಂಟೆ ಹತ್ತೊಂಬತ್ತು ನಿಮಿಷ. ಊರಿನಲ್ಲಿ ಇಷ್ಟೇ ದೂರವನ್ನು ನಾಲ್ಕು ಗಂಟೆ ಹತ್ತು ನಿಮಿಷದಲ್ಲಿ ತುಳಿದಿದ್ದೆವು. ಅಂದರೆ ನಮ್ಮ ಕೈಯಲ್ಲಿ ಒಂಬತ್ತು ನಿಮಿಷದ ಬಂಡವಾಳವಿದ್ದಿತು. ವಿನೋದಕ್ಕೆ ಬಂದವರಿಗೆ ಈ ಲೆಕ್ಕವೇಕೆ ಎಂದು ವಾಚಕರು ಕೇಳಬಹುದು. ನಾವೂ ನಮ್ಮನ್ನು ಕೇಳಿಕೊಂಡೆವು, ತುಳಿಯುತ್ತಲೇ ಕೇಳಿಕೊಂಡೆವು.

ಅದು ಆದಿತ್ಯವಾರದ ಬೆಳಗು. ಇಗರ್ಜಿಗಳ ಗಂಟೆಗೆ ನಮ್ಮ ಸೈಕಲ್ಲಿನ ಗಂಟೆಯಿಂದ ಉತ್ತರ ಕೊಡುತ್ತ ಹೋದೆವು. ಒಂದೇ ದಾರಿಯನ್ನು ಸುತ್ತಿ ಸುತ್ತಿ ಬರಬೇಕಾದುದರಿಂದ ಬದಿಯಲ್ಲಿ ನಿಂತವರಿಗೆ ನಮ್ಮ ಪರಿಚಯವಾಯಿತು. ಮೊದಲನೆಯ ಸುತ್ತಿನಲ್ಲಿ ನಕ್ಕವರು ಎರಡನೆಯದರಲ್ಲಿ ಚಪ್ಪಾಳೆ ತಟ್ಟಿದರು. ಉಪ್ಪರಿಗೆಯ ಮೇಲಿನ ಒಬ್ಬ ಮುದುಕರು, ನಮ್ಮ ವಯಸ್ಸಿಗಿಂತ ಹತ್ತು ವರ್ಷ ಹಿರಿಯರಿರಬೇಕು, ಪ್ರತಿಸಲವೂ ಎದ್ದುನಿಂತು ಟೋಪಿಯನ್ನು ತೆಗೆದರು. ಕೆಂಪುಕಲ್ಲಿನ ದಿಬ್ಬಗಳ ಏರಿನಲ್ಲಿ ಗೇರಿಲ್ಲದ ಸೈಕಲ್ಲು ನಿಜವಾದ ಗುರುವಾಗುತ್ತದೆ: ನಿಂತು ತುಳಿಯಬೇಕು, ಕೈಯಲ್ಲಿ ಹ್ಯಾಂಡಲನ್ನು ಜಗ್ಗಬೇಕು, ಹಲ್ಲು ಕಚ್ಚಬೇಕು. ಇಳಿಜಾರಿನಲ್ಲಿ ಮಾತ್ರ ಆ 21 ಕಿಲೋ ನಮ್ಮ ಪಕ್ಷ ವಹಿಸಿತು. ಕಾರ್ಬನ್ನಿನ ಇಬ್ಬರನ್ನು ನಾವು ಗಂಟೆ ಬಾರಿಸಿ ದಾಟಿದೆವೆಂಬುದನ್ನು ಇಲ್ಲಿ ದಾಖಲಿಸದೆ ಇರಲಾರೆವು. ಮುಂದಿನ ಏರಿನಲ್ಲಿ ಅವರು ನಮ್ಮನ್ನು ದಾಟಿದರು. ಅದು ಬೇರೆ ಮಾತು.

ಅರವತ್ತು ಕಿಲೋಮೀಟರು ಕಳೆದಿರಬಹುದು. ಶಿಷ್ಯನು ದಾರಿಯ ಬದಿಯಲ್ಲಿ ಹಿಂದಿನ ಗಾಲಿಯನ್ನು ಬಿಚ್ಚಿಕೊಂಡು ಕುಳಿತಿದ್ದನು. ಒಂದು ಟ್ಯೂಬು ಪಂಕ್ಚರಾಗಿತ್ತು. ಬದಲಿಗೆ ಹಾಕಿದುದನ್ನು ಅವಸರದಲ್ಲಿ ಟಯರಿನ ಅಂಚಿಗೆ ಸಿಕ್ಕಿಸಿ ಹರಿದಿದ್ದನು. ಮೂರನೆಯದು ಇರಲಿಲ್ಲ. ನೆರವಿನ ಗಾಡಿ ಎಲ್ಲೋ ಮುಂದಿದ್ದಿತು. ಅವನ ಮುಖದಲ್ಲಿ ನಲವತ್ತು ವರ್ಷದ ಎಂಜಿನಿಯರು ಕಾಣಲಿಲ್ಲ. ಬೇಲಿಯ ಹತ್ತಿರ ನಿಂತ ಹುಡುಗನೇ ಕಂಡನು.

ನಮ್ಮ ಕ್ಯಾರಿಯರಿನ ಚೀಲದಲ್ಲಿ ಪ್ಯಾಚಿನ ಡಬ್ಬಿಯಿದ್ದಿತು. ಸೀಟಿನ ಕೆಳಗಿನ ಪಾನಾದಷ್ಟೇ ಹಳೆಯ ಡಬ್ಬಿ. ಸಲ್ಯೂಷನ್ನು ಮಾತ್ರ ಹೊಸದು. ನಾವು ಇಳಿದೆವು. "ಬ್ಯಾಡ್ರಿ ಸರ್, ನೀವು ನಡೀರಿ, ನಿಮ್ಮ ವ್ಯಾಳ್ಯಾ ಹೋಗ್ತದ" ಎಂದು ಅವನು ನಮ್ಮ ಕೈ ಹಿಡಿದನು. ಒಂದು ಕ್ಷಣ, ವಾಚಕರು ಕ್ಷಮಿಸಬೇಕು, ನಮ್ಮ ಕಾಲು ಪೆಡಲಿನ ಕಡೆಗೇ ಎಳೆಯಿತು. ಒಂಬತ್ತು ನಿಮಿಷದ ಬಂಡವಾಳ ಕಣ್ಣಮುಂದೆ ನಿಂತಿತು. ಅಷ್ಟರಲ್ಲಿ ಕೈ ತಾನಾಗಿಯೇ ಡಬ್ಬಿಯನ್ನು ತೆರೆದಿದ್ದಿತು.

ಮೊದಲು ಪಂಕ್ಚರಾದ ಟ್ಯೂಬನ್ನೇ ತೆಗೆದುಕೊಂಡೆವು. ಊದಿ, ಕೆನ್ನೆಯ ಹತ್ತಿರ ಹಿಡಿದು ಗಾಳಿ ಹೊರಡುವ ತೂತನ್ನು ಹುಡುಕಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಒಣಗುವವರೆಗೆ ಕಾದೆವು. ಸಲ್ಯೂಷನ್ನು ಒಣಗುವುದನ್ನು ಯಾವ ಐರನ್‌ಮ್ಯಾನನೂ ಅವಸರಪಡಿಸಲಾರನು. ಕಾಯುವಾಗ ಇಬ್ಬರೂ ಒಂದೊಂದು ಶೇಂಗಾ ಉಂಡಿ ತಿಂದೆವು. ಮಾತಾಡಲಿಲ್ಲ. ಟಯರಿನ ಒಳಮೈಯನ್ನು ಬೆರಳಿನಿಂದ ಸವರಿ ಗಾಜಿನ ಚೂರನ್ನು ಕಿತ್ತೆವು. ಅದನ್ನು ಅವನು ನೋಡಿರಲಿಲ್ಲ. ಅವನ ಪುಟ್ಟ ಪಂಪಿನಿಂದ ಗಾಳಿ ತುಂಬಿ, ಗಾಲಿ ಏರಿಸಿ, ಅವನನ್ನು ಬೆನ್ನಮೇಲೆ ಬಡಿದು ಅಟ್ಟಿದಾಗ ಹದಿಮೂರು ನಿಮಿಷ ಕಳೆದಿದ್ದವು.

ಉಳಿದ ಮೂವತ್ತು ಕಿಲೋಮೀಟರುಗಳನ್ನು ನಾವು ಹೇಗೆ ತುಳಿದೆವೆಂಬುದು ನಮಗೆ ಚೆನ್ನಾಗಿ ನೆನಪಿಲ್ಲ. ಬಿಸಿಲು ಏರಿತ್ತು. ಗಂಟೆ ಬಾರಿಸಲಿಲ್ಲ, ಟೋಪಿ ತೆಗೆದ ಮುದುಕರಿಗೆ ಪ್ರತಿವಂದನೆ ಮಾಡಲಿಲ್ಲ, ಆ ಅವಿನಯ ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಗೆರೆಗೆ ಬಂದಾಗ ಐದು ಗಂಟೆ ಮೂವತ್ತನಾಲ್ಕು ನಿಮಿಷ. ನಾಲ್ಕು ನಿಮಿಷ ತಡ. ಅಲ್ಲಿದ್ದ ಹೆಣ್ಣುಮಗಳು ಬಹಳ ಮೆಲ್ಲಗೆ, "ಅಂಕಲ್, ಸಾರಿ" ಎಂದು ನಮ್ಮ ಕಾಲಿಗೆ ಕಟ್ಟಿದ್ದ ಕಾಲ ಎಣಿಸುವ ಪಟ್ಟಿಯನ್ನು ಬಿಚ್ಚಿಕೊಂಡಳು. ಅವಳದೇನೂ ತಪ್ಪಿಲ್ಲ. ನಿಯಮವು ಎಲ್ಲರಿಗೂ ಒಂದೇ. ನಮ್ಮ ಬೆಂಗಳೂರು ದಕ್ಷಿಣದ ಲೋಕಸಭಾ ಸದಸ್ಯರೂ ಅದೇ ದಿನ ಸ್ಪರ್ಧಿಸಿ 8 ಗಂಟೆ 27 ನಿಮಿಷ 32 ಸೆಕೆಂಡಿಗೆ ಮುಗಿಸಿದರೆಂದು ಮರುದಿನದ ಪತ್ರಿಕೆಗಳಲ್ಲಿ ಬಂದಿತು. ಅವರಿಗೂ ಉಳಿದಿದ್ದುದು ಎರಡೂವರೆ ನಿಮಿಷವೇ.

ವಿನೋದಕ್ಕೆಂದು ಬಂದವರಿಗೆ ದುಃಖವಾಗಬಾರದಷ್ಟೆ. ಆಯಿತು. ಗಾಳಿಮರದ ನೆರಳಿನಲ್ಲಿ ಕುಳಿತು, ಮನೆಯಾಕೆ ಕೊಟ್ಟ ಮಜ್ಜಿಗೆಯನ್ನು ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ, ಮೂವತ್ತಾರು ವರ್ಷ ಶಾಲೆಯ ಗಂಟೆಗೆ ಒಂದು ನಿಮಿಷವೂ ತಡವಾಗದ ನಾವು ನಾಲ್ಕು ನಿಮಿಷಕ್ಕಾಗಿ ಕಣ್ಣು ತುಂಬಿಕೊಂಡೆವು. ಮೊಣಕಾಲೇನೋ ನೊಂದಿರಲೇ ಇಲ್ಲ. ಅವರು ಏನನ್ನೂ ಕೇಳಲಿಲ್ಲ. ಟವೆಲನ್ನು ತಲೆಯ ಮೇಲೆ ಹಾಕಿ ಒರಸಿದರು. ಮಧ್ಯಾಹ್ನ ಶಿಷ್ಯನು ಪದಕ ಹಾಕಿಕೊಂಡು ಬಂದು ಕಾಲಿಗೆರಗಿದನು. ಅದನ್ನು ತೆಗೆದು ನಮ್ಮ ಕೊರಳಿಗೆ ಹಾಕಹೊರಟಾಗ ನಾವು ಬಿಡಲಿಲ್ಲ. ಮೊದಲು ನಿನ್ನ ತಾಯಿಗೆ ತೋರಿಸು, ಆಮೇಲೆ ಪ್ಯಾಚು ಹಾಕುವುದನ್ನು ಕಲಿ ಎಂದೆವು. ಧ್ವನಿ ಸ್ವಲ್ಪ ಗಡುಸಾಗಿಯೇ ಬಂದಿರಬೇಕು. ಅವನು ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕೈಕಟ್ಟಿ ನಿಂತನು.

ರಾತ್ರಿ ನಿದ್ರೆ ಬರಲಿಲ್ಲ. ನಸುಕಿನ ನಾಲ್ಕೂವರೆಗೆ ಎದ್ದು ಕ್ಯಾನ್ವಾಸ್ ಜೋಡನ್ನು ಹುಡುಕುತ್ತಿದ್ದಾಗ ದೀಪ ಹತ್ತಿತು. ಮನೆಯಾಕೆ ಎದ್ದು ಕುಳಿತಿದ್ದರು. "ಎಷ್ಟು ಉಳಿದಿದೆ?" ಎಂದು ಕೇಳಿದರು. ಇಪ್ಪತ್ತೊಂದು ಕಿಲೋಮೀಟರು ಎಂದೆವು. ಅವರು ಸೀರೆ ಸರಿಪಡಿಸಿಕೊಂಡು, ಬುರುಡೆಯನ್ನು ಎತ್ತಿಕೊಂಡು ಹೊರಟರು.

ಮಿರಾಮಾರದಿಂದ ದೋನಾ ಪಾವ್ಲಾಕ್ಕೆ ಸುಮಾರು ಮೂರು ಕಿಲೋಮೀಟರು. ಮೂರು ಸಲ ಪೂರ್ತಿ ಹೋಗಿಬಂದು, ನಾಲ್ಕನೆಯ ಸಲ ಅರ್ಧ ದಾರಿಯಿಂದ ತಿರುಗಿದರೆ ಲೆಕ್ಕ ಸರಿಹೋಗುತ್ತದೆ. ದಾರಿಯಲ್ಲಿ ಹಿಂದಿನ ದಿನದ ಬೇಲಿಗಳನ್ನು ಆಳುಗಳು ಬಿಚ್ಚಿ ಲಾರಿಗೆ ತುಂಬುತ್ತಿದ್ದರು. ಚಪ್ಪಾಳೆಯಿಲ್ಲ, ನೀರಿನ ಮೇಜಿಲ್ಲ. ಹಾಲಿನವನೊಬ್ಬ, ಬಲೆ ಹೊತ್ತ ಇಬ್ಬರು, ಮೊದಲನೆಯ ಕದಂಬ ಬಸ್ಸು; ಎರಡನೆಯ ಸುತ್ತಿನಿಂದ ಒಂದು ಕಂದು ನಾಯಿ ಜೊತೆಗೂಡಿತು. ಸ್ವಲ್ಪ ಓಡಿದೆವು, ಬಹಳ ನಡೆದೆವು. ದಂಡೆಯ ಗೋಡೆಯ ಮೇಲೆ ಕುಳಿತ ಮನೆಯಾಕೆ ನಾವು ಒಂದೊಂದು ಸಲ ಬಂದಾಗಲೂ ಒಂದೊಂದು ಕಪ್ಪೆಚಿಪ್ಪನ್ನು ಬುರುಡೆಯ ಬಾಯಿಯೊಳಗೆ ಹಾಕುತ್ತಿದ್ದರು. ಕೊನೆಯ ಸಲ ನಾವು ಬಂದು ಕೈಯೂರಿ ನಿಂತಾಗ ಬಿಸಿಲು ಅಗ್ವಾದದ ಮೇಲೆ ಬಂದಿತ್ತು. ಮೂರು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. ಅವರು ನಾಲ್ಕನೆಯ ಚಿಪ್ಪನ್ನು ಹಾಕಿ, ಬುರುಡೆಯನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿದರು.

"ಲೆಕ್ಕ ಸರಿಯಿದೆ" ಎಂದರು. "ಬೇಗ ಸ್ನಾನ ಮಾಡಿ. ಸೈಕಲ್ಲನ್ನು ಗೋಣಿಯಲ್ಲಿ ಸುತ್ತಬೇಕು, ರೈಲಿಗೆ ಹೊತ್ತಾಗುತ್ತದೆ."